ಗುಂಡ್ಲುಪೇಟೆಯ ಮೂರು ಬಾಗಿಲು

ನಮ್ಮ ಕಡೆ ಮದುವೆಗೆ ಮುಹೂರ್ತ ಇಡುವವರು ಪುರೋಹಿತರೇ ಆದರೂ, ಕಡೇ ಪಂಕ್ತಿ ಎಷ್ಟು ಹೊತ್ತಿಗೆ ಏಳಬೇಕು, ಬೀಗರಿಗೆ ಎಲೆಅಡಿಕೆ ಯಾವಾಗ ಕೊಡಬೇಕು, ಮುನಿಸಿಕೊಂಡು ಚಪ್ಪರದ ಮೂಲೆಯಲ್ಲಿ ಕೂತ ದೊಡ್ಡಪ್ಪನನ್ನು ಎಷ್ಟು ಸಲ ರಮಿಸಬಹುದು ಎಂಬುದನ್ನೆಲ್ಲ ತೀರ್ಮಾನಿಸುವುದು ಕೊನೇ ಬಸ್ಸು. ಪಂಚಾಂಗದಲ್ಲಿ ರಾಹುಕಾಲ, ಗುಳಿಕಕಾಲ, ಯಮಗಂಡಕಾಲ ಎಲ್ಲ ನಮೂದಾಗಿವೆ. ತೆರಕಣಾಂಬಿಯಿಂದ ಹೊರಡುವ ಕಡೇ ಬಸ್ಸಿನ ವೇಳೆ ಮಾತ್ರ ಇಲ್ಲ. ಆದರೂ ಊರಿನ ಚಿಕ್ಕ ಮಗುವಿಗೂ ಅದು ಬಾಯಿಪಾಠ. ದೊಡ್ಡಪ್ಪನಿಗೂ ಗೊತ್ತಿರುವುದರಿಂದಲೇ ಅವರ ಮುನಿಸು ಸರಿಯಾದ ಹೊತ್ತಿಗೆ ಇಳಿಯುತ್ತದೆ.

ಮಹಾನಗರದ ಸಾರ್ವಜನಿಕ ಸಾರಿಗೆ ಎಂಬ ಘನಗಂಭೀರ ವಿಷಯಕ್ಕೆ ಬರಬೇಕಾದವನು ನಿಮ್ಮನ್ನು ಮದುವೆಮನೆಯ ಎಲೆಯ ಮುಂದೆ ಕೂರಿಸಿದ್ದಕ್ಕೆ ಕಾರಣವಿದೆ. ಬಸ್ಸು ಬಂದೇ ಬರುತ್ತದೆ ಎಂಬ ಒಂದು ನಂಬಿಕೆಯನ್ನು ನೆಚ್ಚಿ ಇಡೀ ಸೀಮೆಯ ಬದುಕು ಹೇಗೆ ಹೆಣೆದುಕೊಳ್ಳುತ್ತದೆ ಎಂಬುದನ್ನು ನೋಡಬೇಕಾದರೆ ಚಾಮರಾಜನಗರ, ಗುಂಡ್ಲುಪೇಟೆಯ ಕಡೆಗೇ ಬರಬೇಕು. ಗುಂಡ್ಲುಪೇಟೆಗೆ ರೈಲಿಲ್ಲ. ಚಾಮರಾಜನಗರಕ್ಕೆ ರೈಲುಂಟು, ಆದರೆ ಹಳಿ ಅಲ್ಲಿಗೇ ಮುಗಿಯುತ್ತದೆ. ಈ ಎರಡು ಪೇಟೆಗಳ ನಡುವಿನ ಸುಮಾರು 35 ಕಿ.ಮೀ. ದಾರಿಯನ್ನೂ ಅದರ ಎಡಬಲದ ಹಳ್ಳಿಗಳನ್ನೂ ಬೆಳಗಿನಿಂದ ರಾತ್ರಿಯವರೆಗೆ ಒಂದಕ್ಕೊಂದು ಕಟ್ಟಿಹಾಕಿರುವುದು ಕೆಂಪು ಬಸ್ಸು.

ನಾನು ಹುಡುಗನಾಗಿದ್ದಾಗ ನಮ್ಮೂರಿಗೆ ನೈಟ್ ಹಾಲ್ಟ್ ಬಸ್ಸೊಂದು ಬರುತ್ತಿತ್ತು. ರಾತ್ರಿ ಉಣ್ಣುವ ಹೊತ್ತಿಗೆ ಬಂದು, ಮಾರಿಗುಡಿಯ ಮುಂದಿನ ಬಯಲಲ್ಲಿ ಒಂದು ಸುತ್ತು ಹೊಡೆದು, ಮೂತಿಯನ್ನು ಪೇಟೆಯ ಕಡೆಗೆ ತಿರುಗಿಸಿಕೊಂಡು ನಿಲ್ಲುತ್ತಿತ್ತು. ಡ್ರೈವರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು. ಕಂಡಕ್ಟರು ಇಳಿಯುತ್ತಿರಲಿಲ್ಲ, ಕೊನೇ ಸೀಟಿನ ಮೇಲಿನ ಮಂಕು ಬಲ್ಬಿನ ಕೆಳಗೆ ಚರ್ಮದ ಚೀಲವನ್ನು ಬೋರಲು ಹಾಕಿ, ನೋಟು ಒಂದು ಕಡೆ, ಚಿಲ್ಲರೆ ಒಂದು ಕಡೆ ಗುಡ್ಡೆ ಮಾಡಿ, ಬಣ್ಣಬಣ್ಣದ ಟಿಕೆಟ್ ಕಟ್ಟುಗಳ ನಂಬರನ್ನು ವೇ ಬಿಲ್ಲಿಗೆ ಇಳಿಸುತ್ತ ಕೂರುತ್ತಿದ್ದರು. ಲೆಕ್ಕ ತಾಳೆಯಾಗುವ ತನಕ ಯಾರೂ ಅವರನ್ನು ಮಾತಾಡಿಸಬಾರದು ಎಂಬುದು ಊರಿನ ಅಲಿಖಿತ ಸಂವಿಧಾನ. ಕಿಟಕಿಯ ಸರಳಿಗೆ ಮೂಗು ತಾಗಿಸಿ ನಿಂತ ನಾವು ಹುಡುಗರು ಕೂಡ, ಕೊನೇ ಅಂಕಿ ಬರೆದು ಅವರು ಪೆನ್ನಿನ ಕ್ಯಾಪು ಹಾಕುವವರೆಗೆ ಉಸಿರೆತ್ತುತ್ತಿರಲಿಲ್ಲ. ಆಮೇಲೆ ಯಾರದಾದರೂ ಮನೆಯಿಂದ ಮುದ್ದೆ, ಹುರುಳಿಕಾಳಿನ ಸಾರು ಬರುತ್ತಿತ್ತು. ಪೇಟೆಯ ಸುದ್ದಿಯೆಲ್ಲ ಆ ಊಟದ ಜೊತೆ ಊರಿಗೆ ಇಳಿಯುತ್ತಿತ್ತು: ಅರಿಸಿನಕ್ಕೆ ಇವತ್ತು ಏನು ರೇಟು, ಯಾವ ಆಫೀಸಿನ ಸಾಹೇಬರು ರಜೆ ಹಾಕಿದ್ದಾರೆ, ಟಾಕೀಸಿಗೆ ಯಾವ ಪಿಕ್ಚರ್ ಬಂದಿದೆ.

ಬೆಳಗಿನ ಜಾವ ಎಂಜಿನ್ ಗುಡುಗಿತೆಂದರೆ ಊರು ಏಳುತ್ತಿತ್ತು. ಹಾಲಿನ ಕ್ಯಾನು, ಹೂವಿನ ಮೂಟೆ, ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೊರಟ ಮುದುಕಿ, ಕೋರ್ಟಿನಲ್ಲಿ ವಾಯಿದೆ ಇರುವ ದಾಯಾದಿಗಳು (ಒಬ್ಬರು ಮುಂದಿನ ಸೀಟಿನಲ್ಲಿ, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ) ಎಲ್ಲ ಹತ್ತಿ ಇನ್ನೇನು ಬಸ್ಸು ಹೊರಡಬೇಕು, ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಒಂದು ಕೂಗು ಬರುತ್ತಿತ್ತು.

“ಅಣ್ಣೋ, ಒಂದ್ ಗಳಿಗೆ ನಿಲ್ಸಣ್ಣ, ನಮ್ಮತ್ತೆ ಬತ್ತಾವ್ಳ!”

“ಬಿರ್ರನ ಬರಾಕೇಳವ್ವ. ಪ್ಯಾಟೇಲಿ ಮೈಸೂರ್ ಬಸ್ಸು ತಪ್ಪೋದ್ರ ಡಾಕುಟ್ರು ಸಿಕ್ಕದಿಲ್ಲ ಕನ.”

ಆ ಒಂದು ಮಾತಿನಲ್ಲಿ ಸಾರಿಗೆ ಶಾಸ್ತ್ರದ ಬಹುಪಾಲು ಅಡಗಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಅತ್ತೆ ಎಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಕಂಡಕ್ಟರಿಗೆ ಗೊತ್ತು; ಅವರು ಹಿಡಿಯಬೇಕಾದ ಮುಂದಿನ ಬಸ್ಸು ಗೊತ್ತು; ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ಗೊತ್ತು. ನಗರ ಯೋಜನೆಯ ಪಂಡಿತರು ದಪ್ಪ ದಪ್ಪ ವರದಿಗಳಲ್ಲಿ ನಿರೂಪಿಸುವ ತತ್ತ್ವಗಳನ್ನು ಭಟ್ಟಿ ಇಳಿಸಿದರೆ ಉಳಿಯುವುದು ಇಷ್ಟೇ: ಹೇಳಿದ ಹೊತ್ತಿಗೆ ಬಸ್ಸು ಬರಬೇಕು, ಒಂದರಿಂದ ಇಳಿದವರಿಗೆ ಇನ್ನೊಂದು ಸಿಗಬೇಕು, ಹೋದವರು ಕತ್ತಲಾದ ಮೇಲೂ ಮನೆ ಸೇರುವಂತಿರಬೇಕು. ಸ್ವಿಟ್ಜರ್ಲೆಂಡಿನವರು 1982ರಲ್ಲಿ ಇಡೀ ದೇಶದ ರೈಲುಗಳನ್ನು ಒಂದು ತಾಳಕ್ಕೆ ತಂದರು. ಗಂಟೆ ಗಂಟೆಗೂ ಅದೇ ನಿಮಿಷಕ್ಕೆ ರೈಲು, ಅದರಿಂದ ಇಳಿದವರನ್ನು ಬೆಟ್ಟದ ಹಳ್ಳಿಗಳಿಗೆ ಒಯ್ಯಲು ಸ್ಟೇಷನ್ನಿನ ಹೊರಗೆ ಹಳದಿ ಬಣ್ಣದ ಅಂಚೆ ಬಸ್ಸು. ಆಲ್ಪ್ಸ್ ಪರ್ವತದ ಆ ಬಸ್ಸಿನ ಚಾಲಕ ನಮ್ಮ ಮಾರಿಗುಡಿಯ ಮುಂದೆ ಬಂದು ನಿಂತರೆ, ನಮ್ಮ ಕಂಡಕ್ಟರೂ ಅವನೂ ಭಾಷೆಯಿಲ್ಲದೆಯೇ ಒಬ್ಬರ ಕೆಲಸವನ್ನು ಇನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಾರೆ.

ನಮ್ಮ ಸರ್ಕಾರಿ ಬಸ್ಸಿನ ವಂಶಾವಳಿಯೂ ಸಣ್ಣದಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. 1997ರಲ್ಲಿ ಬೆಂಗಳೂರಿನ ಪಾಲು ಬೇರೆಯಾಗಿ ಬಿಎಂಟಿಸಿ ಆಯಿತು. ಅದೇ ವರ್ಷ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ನಮ್ಮ ಚಾಮರಾಜನಗರ ಜಿಲ್ಲೆಯೂ ಆಯಿತು. ರೈಲಿನದು ಇದಕ್ಕಿಂತ ಹಳೇ ಕತೆ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲೇ ರೈಲು ಬಂತು. ಅಲ್ಲಿಂದ ಚಾಮರಾಜನಗರಕ್ಕೆ ಬರಲು 1926ರವರೆಗೆ ಸಮಯ ತೆಗೆದುಕೊಂಡಿತು. ಅಪ್ಪನ ಕೈಹಿಡಿದು ನಾನು ಹೋಗುತ್ತಿದ್ದದ್ದು ಆ ಮೀಟರ್ ಗೇಜ್ ಗಾಡಿಯಲ್ಲಿ. ಕವಲಂದೆ, ಬದನಗುಪ್ಪೆ, ಮರಿಯಾಲ ಎಂದು ಒಂದೊಂದು ಊರನ್ನೂ ವಿಚಾರಿಸಿಕೊಂಡು, ಕಡಲೆಕಾಯಿ ಮಾರುವವನು ಇಳಿದು ಹತ್ತುವಷ್ಟು ವ್ಯವಧಾನ ಇಟ್ಟುಕೊಂಡು ಹೋಗುತ್ತಿದ್ದ ಗಾಡಿ ಅದು. 2008ರಲ್ಲಿ ಬ್ರಾಡ್ ಗೇಜ್ ಆಯಿತು, ಗಾಡಿಗಳು ದೊಡ್ಡವಾದವು, ತಿರುಪತಿಯವರೆಗೂ ಹೋಗುವಂತಾಯಿತು. ಹಳಿ ಮಾತ್ರ ಚಾಮರಾಜನಗರದಿಂದ ಮುಂದೆ ಹೋಗಲಿಲ್ಲ. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಹೆಜ್ಜಾಲಕ್ಕೆ ಕೂಡಿಸುವ ಮಾರ್ಗದ ಮಾತು ದಶಕಗಳಿಂದ ಕೇಳಿಬರುತ್ತಿದೆ. ಸತ್ಯಮಂಗಲದ ಕಡೆ ಮಾರ್ಗಕ್ಕೆ ಹುಲಿಯಿರುವ ಕಾಡು ಅಡ್ಡ ನಿಂತಿದೆ, ಮತ್ತು ಕಾಡು ಅಡ್ಡ ನಿಂತದ್ದು ನ್ಯಾಯವೇ.

ಚಾಮರಾಜನಗರ ಎಂದೊಡನೆ ನಿಮಗೆ ನೆನಪಾಗುವ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ನಿಮ್ಮ ತಲೆಯಲ್ಲಿ ಕೊರೆಯುತ್ತಿರುತ್ತದೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮೂಢನಂಬಿಕೆ ಬಹಳ ಕಾಲ ಇತ್ತು. 2013ರಲ್ಲಿ ಸಿದ್ದರಾಮಯ್ಯನವರು ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಆಳಿದರು. ಅದಕ್ಕೆ ಮುಂಚೆ ದೊಡ್ಡವರು ಹಿಂದೆಮುಂದೆ ನೋಡುತ್ತಿದ್ದ ಅಷ್ಟೂ ವರ್ಷ ನಮ್ಮ ಡ್ರೈವರು, ಕಂಡಕ್ಟರುಗಳು ದಿನವೂ ಬಂದು ಹೋದರು. ಅವರ ಮೇಲೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ.

ಬಸ್ಸಿಗೆ ಶಕುನದ ಹಂಗಿಲ್ಲದ ಹಾಗೆ ಗಡಿಯ ಹಂಗೂ ಕಡಿಮೆ. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದೆ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಆ ಸೀಮೆಯಲ್ಲೇ, ಮನೆಮಾತು ಕನ್ನಡ. ಅಲ್ಲಿಯವರು ತಮ್ಮ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಹಾಸನೂರು ದಾಟಿ, ದಿಂಬಂ ಘಾಟಿನ 27 ತಿರುವುಗಳನ್ನು ಇಳಿದು, ಆಮೇಲೂ ಬಹುದೂರ ಹೋಗಬೇಕು. ಚಾಮರಾಜನಗರ ಅವರಿಗೆ ಇಲ್ಲೇ ಪಕ್ಕದಲ್ಲಿದೆ. ಭೂಪಟ ಒಂದು ಹೇಳುತ್ತದೆ, ಸಂತೆ, ಆಸ್ಪತ್ರೆ, ನೆಂಟಸ್ತಿಕೆ ಇನ್ನೊಂದು ಹೇಳುತ್ತವೆ; ಬಸ್ಸು ಸಂತೆಯ ಮಾತನ್ನು ಕೇಳುತ್ತದೆ. ಜನ ನಿಜವಾಗಿ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ ದಾರಿ ಹಾಕುವುದು ಯೋಜನೆಯ ಮೊದಲ ಪಾಠವಾದರೆ, ತಾಳವಾಡಿ ಬಸ್ಸು ಆ ಪಾಠವನ್ನು ಎಂದೋ ಕಲಿತಿದೆ.

ಇನ್ನು ಬೆಂಗಳೂರಿಗೆ ಹೋಗೋಣ. ನಮ್ಮ ಜಿಲ್ಲೆಯ ಅರ್ಧ ಮನೆಗಳ ಮಕ್ಕಳು ಈಗ ಅಲ್ಲೇ ಇರುವುದರಿಂದ ಆ ಊರಿನ ಕಷ್ಟವೂ ನಮ್ಮದೇ. ನಮ್ಮ ಅಕ್ಕನ ಮಗ ಹೋದವರ್ಷ ಸಾಲ ಮಾಡಿ ಕಾರು ತೆಗೆದ. ಯಾಕಪ್ಪ ಎಂದರೆ, “ಷೋಕಿಗಲ್ಲ ಕನ ಮಾಮ, ರಾತ್ರಿ ಆಫೀಸ್ ಬಿಟ್ಮೇಲೆ ಮನೆತನಕ ಬರೋಕೇ ದಾರಿ ಇಲ್ಲ” ಎಂದ. ಇಂಥ ಒಬ್ಬೊಬ್ಬರ ನಿರುಪಾಯವೂ ಸೇರಿ ಆ ನಗರದ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಅಷ್ಟು ಜನರನ್ನು ಹೊರಲು ಬಿಎಂಟಿಸಿಗೆ ಇರುವುದು ಸುಮಾರು 7,000 ಬಸ್ಸು. ಮೆಟ್ರೋ 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಶುರುವಾಗಿ, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರ ಮುಟ್ಟುವ ಹೊತ್ತಿಗೆ 96 ಕಿ.ಮೀ. ಆಯಿತು. ನನಗೆ ಅದರ ಬಗ್ಗೆ ಮೆಚ್ಚುಗೆಯಿದೆ. ತಣ್ಣಗೆ ಕೂತು, ಜಾಮಿನಲ್ಲಿ ನಿಂತ ಊರನ್ನು ಮೇಲಿಂದ ನೋಡುತ್ತ ಹೋಗುವುದು ಸಣ್ಣ ಸುಖವಲ್ಲ. ಆದರೆ ಸ್ಟೇಷನ್ನಿನ ಮೆಟ್ಟಿಲಿಳಿದವರಿಗೆ ಮನೆಯ ಬೀದಿಯವರೆಗೆ ಬಸ್ಸು ಕೊಡದೆ ಬರೀ ಮೆಟ್ರೋ ಕೊಡುವುದು ಎಲೆಗೆ ಪಾಯಸ ಬಡಿಸಿ ಅನ್ನ ಮರೆತ ಹಾಗೆ. 148 ಕಿ.ಮೀ. ಉಪನಗರ ರೈಲಿಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು; ಅದರ ಬೇಡಿಕೆ ಎಂಬತ್ತರ ದಶಕದಷ್ಟು ಹಳೆಯದು. 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟುಕೊಟ್ಟಿದ್ದರು. ಮೆಟ್ರೋ ಕಾಮಗಾರಿ ಬಂದಾಗ ಆ ಪಥ ಹೋಯಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ ಕಾರುಗಳಿಗಾಗಿ 16 ಕಿ.ಮೀ.ಗೂ ಉದ್ದದ ಸುರಂಗದ ಯೋಜನೆ ಎದ್ದಿದೆ, ಸಾವಿರಾರು ಕೋಟಿಯ ಲೆಕ್ಕದಲ್ಲಿ.

ಆ ಸುರಂಗದ ನಕ್ಷೆ ಬರೆಯುತ್ತಿರುವ ತಜ್ಞರನ್ನು ನಾನು ಒಂದು ದಿನದ ಮಟ್ಟಿಗೆ ಗುಂಡ್ಲುಪೇಟೆಗೆ ಕರೆಯಬೇಕೆಂದಿದ್ದೇನೆ. ಬಂದರೆ ಮೂರು ಬಾಗಿಲುಗಳನ್ನು ತೋರಿಸುತ್ತೇನೆ.

ಮೊದಲನೆಯದು ಬಂಡೀಪುರದ ಬಾಗಿಲು. ಗುಂಡ್ಲುಪೇಟೆಯಿಂದ ವಯನಾಡಿನ ಕಡೆಗೊಂದು, ಊಟಿಯ ಕಡೆಗೊಂದು ಹೆದ್ದಾರಿ ಈ ಕಾಡಿನ ನಡುವೆ ಹೋಗುತ್ತವೆ. ರಾತ್ರಿ ಲಾರಿ, ಕಾರುಗಳ ಚಕ್ರಕ್ಕೆ ಸಿಕ್ಕು ಜಿಂಕೆ, ಆನೆ, ಚಿರತೆಗಳು ಸಾಯುತ್ತಿದ್ದವು. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಲ್ಲಿಸಿ ಆದೇಶ ಹೊರಡಿಸಿದರು. ಮರುವರ್ಷ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ವಯನಾಡಿನವರ ತೊಂದರೆ ಸುಳ್ಳಲ್ಲ, 2019ರಲ್ಲಿ ಅವರು ದೊಡ್ಡ ಹೋರಾಟವನ್ನೇ ಮಾಡಿದರು. ಆದರೆ ನಿಷೇಧದೊಳಗಿನ ವಿನಾಯಿತಿಯನ್ನು ಗಮನಿಸಿ. ಮದ್ದೂರು ಚೆಕ್‌ಪೋಸ್ಟಿನ ಅಡ್ಡಗಂಬ ರಾತ್ರಿಯಲ್ಲಿ ಮೇಲೇಳುವುದು ಆಂಬುಲೆನ್ಸಿನಂಥ ತುರ್ತು ಗಾಡಿಗಳಿಗೆ, ಬಿಟ್ಟರೆ ಎಣಿಕೆಯ ಕೆಲವು ಸರ್ಕಾರಿ ಬಸ್ಸುಗಳಿಗೆ. ಕೋಟಿ ಬೆಲೆಯ ಕಾರು ಬಂದರೂ ಬೆಳಗಾಗುವವರೆಗೆ ಕಾಯಬೇಕು. ಚೀಲ ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿರುವ ಟಿಕೆಟ್ ಪ್ರಯಾಣಿಕ ದಾಟಿಹೋಗುತ್ತಾನೆ.

ಎರಡನೆಯದು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬಾಗಿಲು. ಹಂಗಳದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಬೆಟ್ಟದ ಬುಡದಲ್ಲೇ ನಿಮ್ಮ ಗಾಡಿ ನಿಲ್ಲಬೇಕು. ಸುಮಾರು 1,450 ಮೀಟರ್ ಎತ್ತರದ ಆ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಹತ್ತಿಸಿ ಇಳಿಸುವುದು ಸಾರಿಗೆ ಸಂಸ್ಥೆಯ ಬಸ್ಸು. ಶನಿವಾರ ಬೆಳಗ್ಗೆ ಆ ಕ್ಯೂ ನೋಡಬೇಕು. ಬೆಂಗಳೂರಿನಿಂದ ಬಂದ ಎಂಜಿನಿಯರ್ ದಂಪತಿ, ತಲೆ ಬೋಳಿಸಿದ ಕೂಸನ್ನು ಎತ್ತಿಕೊಂಡ ಕೇರಳದ ಕುಟುಂಬ, ಹೊಸ ಪಂಚೆಯುಟ್ಟ ನಮ್ಮ ಬೊಮ್ಮಲಾಪುರದ ಕಡೆಯ ರೈತ, ಎಲ್ಲರೂ ಒಂದೇ ಸಾಲು. ಮೊದಲ ತಿರುವಿನಲ್ಲಿ ಒಬ್ಬರ ಮೈ ಮೇಲೊಬ್ಬರು ವಾಲುತ್ತಾರೆ, ಎರಡನೆಯದರಲ್ಲಿ ನಗುತ್ತಾರೆ, ಮೂರನೆಯದರಲ್ಲಿ ಕೂಸು ಯಾರ ತೊಡೆಯ ಮೇಲಿದೆ ಎಂದು ಹುಡುಕಬೇಕು. ಮೇಲೆ ಪಾರ್ಕಿಂಗ್ ಇಲ್ಲ, ಹಾರ್ನ್ ಇಲ್ಲ; ಗಾಳಿಯಿದೆ, ಮಂಜಿದೆ, ಹುಲ್ಲುಗಾವಲಿದೆ. ಕಾರು ಬಿಡದಿದ್ದರೆ ಭಕ್ತರು ಬರುವುದಿಲ್ಲ ಎಂದು ಯಾರಾದರೂ ಅಂಜಿದ್ದರೆ, ಆ ಅಂಜಿಕೆಗೆ ಉತ್ತರ ಈ ಕ್ಯೂ.

ಮೂರನೆಯ ಬಾಗಿಲು ನೀಲಗಿರಿಯವರದು, ಆದರೆ ಅದಕ್ಕೆ ಹೋಗುವ ದಾರಿ ನಮ್ಮದು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ತೆರೆದ ಮೇಲೆ ಶನಿವಾರ, ಭಾನುವಾರ ಊಟಿಗೆ ಹೊರಟ ಕಾರುಗಳ ಸಾಲು ಗುಂಡ್ಲುಪೇಟೆಯ ಬೀದಿಯಲ್ಲಿ ಹಬ್ಬುತ್ತದೆ. ದಾರಿಬದಿಯ ಚೆಂಡುಹೂವಿನ ಹೊಲ ಕಂಡಲ್ಲಿ ಫೋಟೋಗೆಂದು ಕಾರುಗಳು ನಿಲ್ಲುವುದರಿಂದ ರಸ್ತೆ ಇನ್ನೂ ಕಿರಿದಾಗುತ್ತದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಹೋಗುವ ವಾಹನಗಳಿಗೆ ಇ–ಪಾಸ್ ಬಂತು. ಅಲ್ಲಿಯೂ ಸರ್ಕಾರಿ ಬಸ್ಸಿನಲ್ಲಿ ಕೂತವರಿಗೆ ಪಾಸಿನ ಗೊಡವೆಯಿಲ್ಲ.

ಮೂರು ಬಾಗಿಲು, ಮೂರು ಬೇರೆ ಬೇರೆ ಕೈಗಳು ಹಾಕಿದ್ದು. ಯಾರೂ ಒಟ್ಟಿಗೆ ಕೂತು ಮಾತಾಡಿಕೊಂಡದ್ದಲ್ಲ. ಆದರೂ ಮೂರೂ ಕಡೆ ಬಂದ ತೀರ್ಮಾನ ಒಂದೇ: ಜಾಗ ಕಡಿಮೆ ಇರುವಲ್ಲಿ ಮೊದಲು ಬಸ್ಸು ಹೋಗಲಿ. ಕಾಡಿನ ನಡುವಿನ ರಸ್ತೆಯನ್ನು ಅಗಲ ಮಾಡಲು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಈ ವಿವೇಕ ಬಂತು. ಬೆಂಗಳೂರಿನಲ್ಲಿ ರಸ್ತೆಯನ್ನು ಮೇಲಕ್ಕೋ ಕೆಳಕ್ಕೋ ಇನ್ನೂ ಎಳೆಯಬಹುದು ಎಂಬ ಆಸೆ ಉಳಿದಿರುವುದರಿಂದ ಅದು ಇನ್ನೂ ಬಂದಿಲ್ಲ. ಹೊಸ ರಸ್ತೆ ಹೊಸ ಕಾರನ್ನು ಕರೆಯುತ್ತದೆ ಎಂಬುದು ಲೋಕದ ನಗರಗಳೆಲ್ಲ ಕಂಡ ಸತ್ಯ. ಗುಂಡ್ಲುಪೇಟೆಯ ಹೋಟೆಲಿನ ಕ್ಯಾಷಿಯರ್ ಕೂಡ ಎಕ್ಸ್‌ಪ್ರೆಸ್‌ವೇ ಆದ ಮೇಲಿನ ಭಾನುವಾರಗಳನ್ನು ತೋರಿಸಿ ಅದನ್ನೇ ಹೇಳುತ್ತಾನೆ.

ನಮ್ಮಲ್ಲೇ ಎಲ್ಲ ಸರಿಯಿದೆ ಎಂದು ನಾನು ಹೇಳಿದರೆ ನಮ್ಮೂರ ಹೆಣ್ಣುಮಕ್ಕಳು ಒಪ್ಪುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾಯಿತು. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ 500 ಕೋಟಿ ಟಿಕೆಟ್ ದಾಟಿತು. ಅದು ಬರೀ ಅಂಕಿಯಲ್ಲ ಎಂಬುದನ್ನು ಅಮಾವಾಸ್ಯೆಯ ದಿನ ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತಿ ನೋಡಿ. ಸೊಸೆಯ ಮುಂದೆ ಕೈಚಾಚದೆ ಮಾದಪ್ಪನ ದರ್ಶನಕ್ಕೆ ಹೊರಟ ಅಜ್ಜಿಯರ ದನಿ ಎಂಜಿನ್ನಿನ ಸದ್ದನ್ನೂ ಮೀರುತ್ತದೆ. ಆದರೆ ಟಿಕೆಟ್ ಉಚಿತವಾದಷ್ಟು ವೇಗದಲ್ಲಿ ಬಸ್ಸು ಹೆಚ್ಚಾಗಲಿಲ್ಲ. ಬೆಳಗ್ಗೆ ಕಾಲೇಜಿನ ಹೊತ್ತಿಗೆ ಫುಟ್‌ಬೋರ್ಡಿನಲ್ಲಿ ಜೋತಾಡುವ ಹುಡುಗರನ್ನು ಈಗಲೂ ನೋಡುತ್ತೇವೆ. ಬಸ್ಸಿಲ್ಲದ ದಾರಿಗಳಲ್ಲಿ ಹೊಲದ ಕೂಲಿಗೆ ಹೋಗುವ ಹೆಂಗಸರು ಗೂಡ್ಸ್ ಆಟೋದ ಹಿಂಬದಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತಿರುತ್ತಾರೆ. ಸಂಜೆ ಲ್ಯಾಬು ಮುಗಿಸಿ ಬರುವಷ್ಟರಲ್ಲಿ ಬಸ್ಸು ಹೋಗಿಬಿಡುತ್ತದೆಂದು, ಮಗಳಿಗೆ ಸೈನ್ಸ್ ಬೇಡ ಎನ್ನುವ ಅಪ್ಪಂದಿರಿದ್ದಾರೆ. ಒಂದು ಬಸ್ಸಿನ ವೇಳೆ ಒಂದು ಹುಡುಗಿಯ ಓದನ್ನು ತೀರ್ಮಾನಿಸುವುದು ಮದುವೆಯ ಪಂಕ್ತಿಯನ್ನು ತೀರ್ಮಾನಿಸಿದಷ್ಟು ಹಗುರವಾದ ಸಂಗತಿಯಲ್ಲ.

ಆದ್ದರಿಂದ ನನ್ನ ಬೇಡಿಕೆ ಎರಡೂ ಊರಿಗೆ ಸೇರಿದ್ದು. ಬೆಂಗಳೂರಿನ ದೊಡ್ಡ ರಸ್ತೆಗಳಲ್ಲಿ ಬಸ್ಸಿನ ಪಥವನ್ನು ಮತ್ತೆ ಹಾಕಲಿ, ಈ ಸಲ ಯಾವ ಕಾಮಗಾರಿಗೂ ಅಲುಗದ ಹಾಗೆ. ಪ್ರತಿ ಮೆಟ್ರೋ ಸ್ಟೇಷನ್ನಿನ ಕೆಳಗೆ ಬಡಾವಣೆಯ ಒಳಗೆ ಹೋಗುವ ಸಣ್ಣ ಬಸ್ಸು ಕೊನೇ ರೈಲಿನವರೆಗೂ ಕಾಯಲಿ. ನಮ್ಮ ಅಕ್ಕನ ಮಗನ ಕಾರು ಮನೆಯಲ್ಲೇ ನಿಂತು ದೂಳು ಹಿಡಿಯಲಿ. ನಮ್ಮ ಕಡೆ ನೈಟ್ ಹಾಲ್ಟ್ ಬಸ್ಸುಗಳು ಹೆಚ್ಚಲಿ, ಹಾಲ್ಟ್ ಮಾಡುವ ಡ್ರೈವರು, ಕಂಡಕ್ಟರಿಗೆ ಪಂಚಾಯ್ತಿ ಒಂದು ಒಳ್ಳೇ ಕೋಣೆ, ನಲ್ಲಿನೀರು, ಶೌಚಾಲಯ ಕೊಡಲಿ. ಕಾಲೇಜು ಬಿಟ್ಟು ಒಂದು ಗಂಟೆಯಾದ ಮೇಲೂ ಪ್ರತಿ ಮಾರ್ಗದಲ್ಲಿ ಒಂದು ಬಸ್ಸು ಇರಲಿ. ಆನೆ ದಾಟಲೆಂದು ಕಾರು ನಿಲ್ಲಿಸಬಲ್ಲ ಸರ್ಕಾರ, ಸೈನ್ಸ್ ಓದುವ ಹುಡುಗಿ ಮನೆ ಸೇರಲೆಂದು ಬಸ್ಸು ಓಡಿಸಲೂ ಬಲ್ಲದು. ಅದಕ್ಕೆ ಬೇಕಾದ ಬಸ್ಸುಗಳ ಲೆಕ್ಕವನ್ನು, ಸುರಂಗದ ಲೆಕ್ಕಕ್ಕಿಂತ ಮೊದಲು, ಮುಂದಿನ ಬಜೆಟ್ಟಿನಲ್ಲೇ ಬರೆಯಬೇಕು.